ಎಣಿಕೆಗೆ ಸಿಕ್ಕವರು, ಸಿಗದವರು

ಕ್ಯಾನ್ಸರ್ ಎಂಬ ಮಾತು ಒಂದು ಮನೆಯ ಹೊಸಿಲು ದಾಟಿ ಒಳಗೆ ಬಂದ ಮೇಲೆ ಆ ಮನೆಯವರು ವೈದ್ಯರನ್ನು ಕೇಳುವ ಪ್ರಶ್ನೆಗಳು ಹಲವಿದ್ದರೂ ಅವೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದರಲ್ಲಿಯೇ: “ಇನ್ನೆಷ್ಟು ದಿನ?” ಅನುಭವಸ್ಥರಾದ ವೈದ್ಯರು ಇದಕ್ಕೆ ನೇರವಾಗಿ ಉತ್ತರ ಕೊಡುವುದಿಲ್ಲ. ಕೊಡಲೇಬೇಕಾದ ಪ್ರಸಂಗ ಬಂದರೆ, “ಇಂಥ ರೋಗಿಗಳಲ್ಲಿ ನೂರಕ್ಕೆ ಇಷ್ಟು ಮಂದಿ ಐದು ವರ್ಷ ಬದುಕಿರುತ್ತಾರೆ” ಎಂದು ಒಂದು ಸಂಖ್ಯೆಯನ್ನು ಮುಂದಿಡುತ್ತಾರೆ. ಕೇಳಿದವರು ಅದನ್ನು ಪಂಚಾಂಗದಲ್ಲಿ ಬರೆದ ಗ್ರಹಣಕಾಲದಷ್ಟೇ ಖಚಿತವೆಂದು ಭಾವಿಸಿ ಮನೆಗೆ ಕೊಂಡೊಯ್ಯುತ್ತಾರೆ. ಮಗಳ ಮದುವೆಯನ್ನು ಈ ವೈಶಾಖದಲ್ಲೇ ಮುಗಿಸುವುದೋ, ಸೈಟು ಮಾರಿ ಚಿಕಿತ್ಸೆ ಮುಂದುವರಿಸುವುದೋ, ಇಲ್ಲ ಊರಿಗೆ ಹಿಂದಿರುಗಿಬಿಡುವುದೋ ಎಂಬ ತೀರ್ಮಾನಗಳೆಲ್ಲ ಆ ಒಂದು ಸಂಖ್ಯೆಯ ಮೇಲೆ ನಿಲ್ಲುತ್ತವೆ.

ಆ ‘ನೂರು ಮಂದಿ’ ಯಾರು, ಅವರನ್ನು ಆರಿಸಿದವರಾರು ಎಂದು ಕೇಳಿದವರನ್ನು ಮಾತ್ರ ನಾನು ಹೆಚ್ಚಾಗಿ ಕಂಡಿಲ್ಲ. ನಾನು ವೈದ್ಯನಲ್ಲ, ಆಸ್ಪತ್ರೆಯೊಂದರ ದಾಖಲೆಗಳ ವಿಭಾಗದಲ್ಲಿ ಹಲವು ವರ್ಷ ಕುಳಿತು ರೋಗಿಗಳ ಕಡತಗಳನ್ನು ತೆಗೆದುಕೊಟ್ಟವನು, ಮತ್ತೆ ಒಳಗಿಟ್ಟವನು. ಸಂಶೋಧನೆಗೆಂದು ಬರುವವರು, ಇಂಥ ವರ್ಷದಿಂದ ಇಂಥ ವರ್ಷದವರೆಗಿನ ಇಂಥ ರೋಗದ ಕಡತಗಳು ಬೇಕು ಎಂದು ಒಂದು ಚೀಟಿ ಕೊಡುತ್ತಾರೆ. ರಾಶಿ ಇಳಿಯುತ್ತದೆ. ಆಮೇಲೆ ಆರಿಸುವ ಕೆಲಸ. ಪರೀಕ್ಷಾಲಯದ ವರದಿ ಇಲ್ಲದ ಕಡತ ಆ ಕಡೆಗೆ. ಮೊದಲು ಬೇರೆಲ್ಲೋ ಚಿಕಿತ್ಸೆ ಮಾಡಿಸಿಕೊಂಡು ಇಲ್ಲಿಗೆ ಬಂದವರದು ಆ ಕಡೆಗೆ. ಹಿಂದೆಯೇ ಇನ್ನೊಂದು ಬಗೆಯ ಕ್ಯಾನ್ಸರ್ ಆಗಿದ್ದವರದು ಆ ಕಡೆಗೆ. ಒಂದು ಸಲ ಬಂದು ಹೋದವರು ಮತ್ತೆ ಮುಖ ತೋರಿಸದಿದ್ದರೆ ಅವರದೂ ಆ ಕಡೆಗೆ. ಹೀಗೆ ಒಂದೊಂದನ್ನು ಬದಿಗೆ ಸರಿಸುವುದಕ್ಕೂ ಒಂದೊಂದು ಕಾರಣವುಂಟು, ಮತ್ತು ಆ ಕಾರಣಗಳು ಬಹುಮಟ್ಟಿಗೆ ನ್ಯಾಯವಾದವೇ. ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವುದನ್ನು ನೋಡಿದಂತೆಯೇ ಇರುತ್ತದೆ. ವ್ಯತ್ಯಾಸವೇನೆಂದರೆ, ಇಲ್ಲಿ ಆರಿಸಿ ಎಸೆದದ್ದು ಕಲ್ಲಲ್ಲ, ಅದೂ ಅಕ್ಕಿಯೇ.

ಈ ಆರಿಸುವ ಕೆಲಸಕ್ಕೆ ಒಂದು ಚರಿತ್ರೆಯಿದೆ. ಶಸ್ತ್ರವೈದ್ಯದ ಚರಿತ್ರೆಯನ್ನೂ ಔಷಧಿಗಳ ಚರಿತ್ರೆಯನ್ನೂ ಬರೆದವರು ಬೇಕಾದಷ್ಟು ಮಂದಿ. ಕಡತಗಳ ಚರಿತ್ರೆ ಅಷ್ಟು ಮೆರುಗಿನದಲ್ಲವಾದ್ದರಿಂದ ಮೂಲೆಯಲ್ಲಿ ಉಳಿದುಕೊಂಡಿದೆ.

ಲಂಡನ್ನಿನಲ್ಲಿ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಎಂದೊಂದಿತ್ತು. ೧೭೪೫ರಲ್ಲಿ ಆರಂಭವಾಗಿ ೨೦೦೫ರಲ್ಲಿ ಮುಚ್ಚಿಹೋಯಿತು. ಹದಿನೆಂಟನೆಯ ಶತಮಾನದ ಆಸ್ಪತ್ರೆಗಳು ವಾಸಿಯಾಗುವಂಥ ರೋಗಿಗಳನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದವು. ಕ್ಯಾನ್ಸರಿನವರನ್ನು ‘ಗುಣವಾಗದ ಕೇಸು’ ಎಂದು ಮನೆಗೆ ಕಳುಹಿಸುವುದೇ ರೂಢಿ. ಜಾನ್ ಹೋವರ್ಡ್ ಎಂಬ ಶಸ್ತ್ರವೈದ್ಯರು ಇದಕ್ಕೆ ಒಪ್ಪಲಿಲ್ಲ. ಈ ರೋಗಿಗಳಿಗೆಂದೇ ಒಂದು ವಾರ್ಡು ಬೇಕು, ಗುಣವಾಗುವವರೆಗೆ ಅಥವಾ ಸಾಯುವವರೆಗೆ ಎಷ್ಟು ಕಾಲವಾದರೂ ಅವರನ್ನು ಅಲ್ಲಿ ಇಟ್ಟುಕೊಳ್ಳಬೇಕು, ಇಟ್ಟುಕೊಂಡು ರೋಗದ ಗತಿಯನ್ನು ನೋಡಬೇಕು ಎಂದು ಅವರು ಸೂಚಿಸಿದರು. ಬೀರು ತಯಾರಿಕೆಯಿಂದ ಹಣ ಗಳಿಸಿದ್ದ ಸ್ಯಾಮ್ಯುಯೆಲ್ ವಿಟ್‌ಬ್ರೆಡ್ ಎಂಬ ಶ್ರೀಮಂತರು ಧನಸಹಾಯ ಮಾಡಿದರು. ೧೭೯೨ರಲ್ಲಿ ವಾರ್ಡು ತೆರೆಯಿತು. ದಿಕ್ಕಿಲ್ಲದವರಿಗೆ ಕೊನೆಗಾಲದಲ್ಲಿ ಒಂದು ಹಾಸಿಗೆ ಸಿಕ್ಕಿತು. ಅದರ ಜೊತೆಗೆ, ಯಾರೂ ಅಷ್ಟಾಗಿ ಗಮನಿಸದೆ, ಇನ್ನೊಂದು ಸಂಪತ್ತು ಅಲ್ಲಿ ಕೂಡಿಬರತೊಡಗಿತು: ರೋಗಿಗಳ ಪೂರ್ತಿ ವೃತ್ತಾಂತ. ಬಂದ ದಿನ, ಹುಣ್ಣಿನ ವರ್ಣನೆ, ಸತ್ತ ದಿನ, ಅನೇಕರ ವಿಷಯದಲ್ಲಿ ಮರಣೋತ್ತರ ಪರೀಕ್ಷೆಯ ವಿವರ.

೧೯೬೨ರಲ್ಲಿ ಬ್ಲೂಮ್, ರಿಚರ್ಡ್‌ಸನ್, ಹ್ಯಾರೀಸ್ ಎಂಬ ಮೂವರು ಈ ಹಳೆಯ ಕಡತಗಳನ್ನು ಕೊಡವಿ ತೆಗೆದು ಒಂದು ಲೇಖನ ಪ್ರಕಟಿಸಿದರು. ಸ್ತನದ ಕ್ಯಾನ್ಸರಿಗೆ ಮಾಡುವ ಚಿಕಿತ್ಸೆಯಿಂದ ಆಯುಷ್ಯ ಎಷ್ಟು ಹೆಚ್ಚುತ್ತದೆ ಎಂದು ತಿಳಿಯಬೇಕಾದರೆ, ಚಿಕಿತ್ಸೆ ಇಲ್ಲದೆ ಎಷ್ಟಿರುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಬದುಕಿರುವ ರೋಗಿಗಳನ್ನು ಚಿಕಿತ್ಸೆ ಕೊಡದೆ ನೋಡುತ್ತ ಕೂರುವುದು ಯಾರಿಂದಲೂ ಆಗುವ ಮಾತಲ್ಲ. ಹಳೆಯ ಕಡತವೇ ಗತಿ. ೧೮೦೫ರಿಂದ ೧೯೩೩ರವರೆಗಿನ ದಾಖಲೆಗಳಲ್ಲಿ ಚಿಕಿತ್ಸೆಯಾಗದೆ ಉಳಿದಿದ್ದ ೨೫೦ ಹೆಂಗಸರನ್ನು ಅವರು ಆರಿಸಿಕೊಂಡರು. ರೋಗದ ಮೊದಲ ಚಿಹ್ನೆ ಕಂಡ ದಿನದಿಂದ ಲೆಕ್ಕ ಹಾಕಿದರೆ ಸರಾಸರಿ ೩೮.೭ ತಿಂಗಳು ಬದುಕಿದ್ದರೆಂದು ತಿಳಿದುಬಂದಿತು. ಐದು ವರ್ಷ ದಾಟಿದವರು ನೂರಕ್ಕೆ ೧೮. ಹತ್ತು ವರ್ಷ ದಾಟಿದವರು ನೂರಕ್ಕೆ ೩.೬, ಅಂದರೆ ೨೫೦ರಲ್ಲಿ ಒಂಬತ್ತು ಜನ. ಏನೂ ಚಿಕಿತ್ಸೆ ಇಲ್ಲದೆಯೂ ಐವರಲ್ಲಿ ಸುಮಾರು ಒಬ್ಬರು ಐದು ವರ್ಷ ಬದುಕಿದ್ದರು ಎಂಬುದು, ‘ಐದು ವರ್ಷ ಕಳೆದರೆ ಗುಣವಾದಂತೆ’ ಎಂದು ಹೇಳುತ್ತಿದ್ದವರನ್ನು ಸ್ವಲ್ಪ ಯೋಚಿಸುವಂತೆ ಮಾಡುವ ಸಂಗತಿ.

ಆದರೆ ಆ ೨೫೦ ಮಂದಿ ಯಾರು? ಬಹುಪಾಲು ಮಂದಿ ರೋಗ ಮೈಯೆಲ್ಲ ಹರಡಿದ ಮೇಲೆ ಬಂದವರು. ಶಸ್ತ್ರಕ್ರಿಯೆಗೆ ತಕ್ಕವರಾಗಿದ್ದವರು ಬೇರೆ ವಾರ್ಡಿಗೆ ಹೋಗಿ ಚಿಕಿತ್ಸೆ ಪಡೆದಿರುತ್ತಾರೆ. ಅವರು ಈ ಎಣಿಕೆಗೆ ಸಿಗರು. ಇದೊಂದು ಕಡೆ. ಇನ್ನೊಂದು ಕಡೆ, ರೋಗ ಕಂಡ ನಾಲ್ಕಾರು ತಿಂಗಳಲ್ಲೇ ಮನೆಯಲ್ಲಿ ತೀರಿಕೊಂಡವರು ಆಸ್ಪತ್ರೆಯ ಬಾಗಿಲನ್ನೇ ಕಾಣಲಿಲ್ಲ, ಅವರೂ ಸಿಗರು. ವಾರ್ಡಿನವರೆಗೆ ಬಂದು ತಲುಪಬೇಕಾದರೆ ಅಲ್ಲಿಯವರೆಗೆ ಬದುಕಿರಬೇಕಷ್ಟೆ! ಮೊದಲನೆಯ ಗುಂಪನ್ನು ಬಿಟ್ಟದ್ದರಿಂದ ಆಯುಷ್ಯ ಕಡಮೆ ಕಂಡಿರಬಹುದು, ಎರಡನೆಯ ಗುಂಪು ತಪ್ಪಿಹೋದದ್ದರಿಂದ ಹೆಚ್ಚು ಕಂಡಿರಬಹುದು. ಇನ್ನು ‘ಮೊದಲ ಚಿಹ್ನೆ ಕಂಡ ದಿನ’ ಎಂಬುದು ರೋಗಿಯ ನೆನಪಿನ ಮಾತು. ನಮ್ಮ ಕಡೆಯ ಮುದುಕಿಯನ್ನು ಕೇಳಿದರೆ “ಹೋದ ಜಾತ್ರೆಗೆ ಮುಂಚೆ” ಎನ್ನುವಂತೆ ಅಲ್ಲಿಯವಳು ಹೋದ ಕ್ರಿಸ್‌ಮಸ್ ಹಬ್ಬವನ್ನು ಹೇಳಿದ್ದಿರಬೇಕು.

ಲಂಡನ್ನಿನ ಕಡತಗಳಲ್ಲಿ ಆರಿಸುವವರಿಗೆ ಸ್ವಂತ ಲಾಭವೇನೂ ಇರಲಿಲ್ಲ. ಆರಿಸುವವನೇ ಚಿಕಿತ್ಸೆ ಮಾಡಿದವನೂ ಆಗಿದ್ದಾಗ ಏನಾಗುತ್ತದೆಂಬುದಕ್ಕೆ ಅಮೆರಿಕದ ಬಾಲ್ಟಿಮೋರ್ ನಗರದ ಹಾಲ್‌ಸ್ಟೆಡ್ ಅವರ ಲೇಖನವನ್ನು ನೋಡಬೇಕು. ಈತ ಅಪ್ರತಿಮ ಶಸ್ತ್ರವೈದ್ಯ. ಸ್ತನವನ್ನೂ ಅದರ ಕೆಳಗಿನ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆದುಹಾಕುವ ದೊಡ್ಡ ಶಸ್ತ್ರಕ್ರಿಯೆಯನ್ನು ರೂಢಿಗೆ ತಂದವರು. ೧೮೮೯ರಿಂದ ೧೮೯೪ರವರೆಗೆ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮಾಡಿದ ೫೦ ಶಸ್ತ್ರಕ್ರಿಯೆಗಳ ಫಲವನ್ನು ೧೮೯೪ರಲ್ಲಿ ಪ್ರಕಟಿಸಿದರು. ಕೊಯ್ದ ಜಾಗದಲ್ಲಿಯೇ ರೋಗ ಮರುಕಳಿಸಿದ್ದು ಮೂವರಲ್ಲಿ ಮಾತ್ರ, ನೂರಕ್ಕೆ ೬. ಯುರೋಪಿನ ಹೆಸರಾಂತ ವೈದ್ಯರ ಲೆಕ್ಕಗಳ ಪಕ್ಕದಲ್ಲಿ ಇದು ಪವಾಡದಂತೆ ಕಂಡಿತು. ಆದರೆ ಅದೇ ಲೇಖನದಲ್ಲಿ, ಕೊಯ್ದ ಜಾಗಕ್ಕೆ ತುಸು ಆಚೆ ಕಾಣಿಸಿಕೊಂಡ ಮರುಕಳಿಕೆಗೆ ಬೇರೆ ಹೆಸರು ಕೊಟ್ಟು ಬೇರೆ ಎಣಿಸಿದ್ದಾರೆ. ಅಂಥವರು ಎಂಟು ಮಂದಿ. ೫೦ರಲ್ಲಿ ಕೆಲವರಿಗಂತೂ ಶಸ್ತ್ರಕ್ರಿಯೆಯಾಗಿ ಕೆಲವೇ ತಿಂಗಳು ಆಗಿದ್ದುವು. ಮರುಕಳಿಸುವುದಕ್ಕೆ ರೋಗಕ್ಕೆ ಸಮಯವೇ ಸಿಕ್ಕಿರಲಿಲ್ಲ! ಹಾಲ್‌ಸ್ಟೆಡ್ ಏನನ್ನೂ ಮುಚ್ಚಿಡಲಿಲ್ಲ, ಎಲ್ಲವನ್ನೂ ಬರೆದಿದ್ದಾರೆ. ಓದುವವರು ಮಾತ್ರ ೬ ಎಂಬ ಅಂಕಿಯನ್ನು ಹಿಡಿದುಕೊಂಡರು. ಸುಮಾರು ಮುಕ್ಕಾಲು ಶತಮಾನ ಕಾಲ ಲಕ್ಷಾಂತರ ಹೆಂಗಸರು ಆ ದೊಡ್ಡ ಶಸ್ತ್ರಕ್ರಿಯೆಗೆ ಒಳಗಾದರು. ೧೯೭೧ರಲ್ಲಿ ಬರ್ನಾರ್ಡ್ ಫಿಷರ್ ಎಂಬವರ ಮುಂದಾಳುತನದಲ್ಲಿ, ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ಹಂಚುವ ಪರೀಕ್ಷೆ ಆರಂಭವಾಗಿ, ಹತ್ತು ವರ್ಷದ ಫಲ ೧೯೮೫ರಲ್ಲಿ ಬಂದಾಗ, ಸಣ್ಣ ಶಸ್ತ್ರಕ್ರಿಯೆಗಿಂತ ದೊಡ್ಡದರಿಂದ ಆಯುಷ್ಯವೇನೂ ಹೆಚ್ಚುವುದಿಲ್ಲವೆಂದು ಸ್ಪಷ್ಟವಾಯಿತು.

ಹಾಲ್‌ಸ್ಟೆಡ್ ಬದುಕಿದ್ದಾಗಲೇ ಬಾಸ್ಟನ್ ನಗರದಲ್ಲಿ ಒಬ್ಬ ಹಟಮಾರಿ ಇದ್ದರು. ಅರ್ನೆಸ್ಟ್ ಕಾಡ್‌ಮನ್ ಎಂದು ಹೆಸರು. ಈ ಮನುಷ್ಯನ ಮೇಲೆ ನನಗೆ ವಿಶೇಷ ಪ್ರೀತಿ. ಕಡತ ಕಾಯುವವರಿಗೆ ಕುಲದೇವತೆ ಯಾರಾದರೂ ಇದ್ದರೆ ಈತನೇ ಸರಿ. ಅವರ ವಾದ ಬಹಳ ಸರಳ. ಪ್ರತಿಯೊಬ್ಬ ರೋಗಿಗೂ ಒಂದು ಕಾರ್ಡು ಇರಲಿ. ಏನು ರೋಗವೆಂದುಕೊಂಡೆವು, ಏನು ಮಾಡಿದೆವು ಎಂಬುದನ್ನು ಅದರಲ್ಲಿ ಬರೆಯೋಣ. ಒಂದು ವರ್ಷವಾದ ಮೇಲೆ ರೋಗಿಯನ್ನು ಹುಡುಕಿ ಏನಾಯಿತೆಂದು ಅದೇ ಕಾರ್ಡಿನಲ್ಲಿ ಬರೆಯೋಣ. ಗುಣವಾಗದಿದ್ದರೆ ಏಕೆ ಆಗಲಿಲ್ಲವೆಂದೂ ಬರೆಯೋಣ. ಇದರಲ್ಲಿ ತಪ್ಪೇನು ಎನ್ನುತ್ತೀರಾ? ಆಗಿನ ದೊಡ್ಡ ವೈದ್ಯರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಅಲ್ಲಿ ಬಡ್ತಿ ಸಿಗುತ್ತಿದ್ದುದು ವಯಸ್ಸಿನ ಮೇಲೆ, ಫಲದ ಮೇಲಲ್ಲ. ೧೯೧೪ರಲ್ಲಿ ಕಾಡ್‌ಮನ್ ತಮ್ಮ ಆಸ್ಪತ್ರೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ೧೯೧೫ರ ಜನವರಿಯಲ್ಲಿ ವೈದ್ಯರ ಒಂದು ಸಭೆಯಲ್ಲಿ ದೊಡ್ಡದೊಂದು ವ್ಯಂಗ್ಯಚಿತ್ರವನ್ನು ತೆರೆದು ತೋರಿಸಿದರು: ಮರಳಿನಲ್ಲಿ ತಲೆ ಹುದುಗಿಸಿಕೊಂಡ ಉಷ್ಟ್ರಪಕ್ಷಿಯೊಂದು ಚಿನ್ನದ ಮೊಟ್ಟೆಗಳನ್ನು ಹಿಂದಕ್ಕೆ ವೈದ್ಯರ ಕಡೆಗೆ ಒದೆಯುತ್ತಿದೆ. ಉಷ್ಟ್ರಪಕ್ಷಿ ಎಂದರೆ ನಗರದ ಶ್ರೀಮಂತ ರೋಗಿಗಳು. ಸಭೆ ಗಲಭೆಯಾಯಿತು, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಅಧ್ಯಾಪಕ ಹುದ್ದೆಯೂ ಹೋಯಿತು.

ಅಷ್ಟಕ್ಕೆ ಬಿಡಲಿಲ್ಲ. ತಾವೇ ಒಂದು ಪುಟ್ಟ ಆಸ್ಪತ್ರೆ ನಡೆಸುತ್ತಿದ್ದರಷ್ಟೆ. ಅಲ್ಲಿಂದ ೧೯೧೧ರಿಂದ ೧೯೧೬ರವರೆಗೆ ಬಿಡುಗಡೆಯಾದ ೩೩೭ ರೋಗಿಗಳ ವೃತ್ತಾಂತವನ್ನು ಒಬ್ಬರನ್ನೂ ಬಿಡದೆ ಅಚ್ಚು ಹಾಕಿಸಿದರು. ಅದರಲ್ಲಿ ತಮ್ಮ ಕಡೆಯಿಂದ ಆದ ೧೨೩ ತಪ್ಪುಗಳ ಪಟ್ಟಿಯೂ ಉಂಟು. ಒಬ್ಬರನ್ನೂ ಬಿಡದೆ ಎಂಬ ಮಾತನ್ನು ವಾಚಕರು ಗಮನಿಸಬೇಕು. ಒಳ್ಳೆಯ ಫಲದವರನ್ನು ಮಾತ್ರ ಆರಿಸಿ ಬರೆದಿದ್ದರೆ ಅವರಿಗೆ ಹಣವೂ ಕೀರ್ತಿಯೂ ಬರುತ್ತಿದ್ದವು.

೧೯೨೦ರಲ್ಲಿ ಕಾಡ್‌ಮನ್ ಎಲುಬಿನ ಕ್ಯಾನ್ಸರಿಗೆಂದು ಒಂದು ನೋಂದಣಿಯನ್ನು ಆರಂಭಿಸಿದರು. ಈ ರೋಗದಿಂದ ಗುಣವಾಗಿ ಬದುಕಿರುವವರು ಯಾರಾದರೂ ಇದ್ದಾರೆಯೇ, ಇದ್ದರೆ ಯಾವ ಚಿಕಿತ್ಸೆಯಿಂದ ಎಂಬುದು ಪ್ರಶ್ನೆ. ದೇಶದ ಶಸ್ತ್ರವೈದ್ಯರಿಗೆಲ್ಲ ಪತ್ರ ಹೋಯಿತು. ಕೇಸಿನ ವೃತ್ತಾಂತ ಸಾಲದು, ಎಕ್ಸ್-ರೇ ಚಿತ್ರವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡುವ ಗಾಜಿನ ಪಟ್ಟಿಯನ್ನೂ ಕಳುಹಿಸಬೇಕೆಂದು ಕೇಳಿದರು. ಬಂದದ್ದನ್ನು ನೋಡಿದಾಗ, ಒಬ್ಬರು ಒಂದು ಹೆಸರಿಟ್ಟ ಗೆಡ್ಡೆಗೆ ಇನ್ನೊಬ್ಬರು ಇನ್ನೊಂದು ಹೆಸರಿಡುತ್ತಿದ್ದರು. ಇದು ಆ ರೋಗವೇ ಅಲ್ಲ ಎನ್ನಬೇಕಾದ ಕಡತ, ‘ಆ ರೋಗದಿಂದ ಗುಣವಾದವನು’ ಎಂಬ ಎಣಿಕೆಯಲ್ಲಿ ಸೇರಿದ್ದರೆ ಚಿಕಿತ್ಸೆಗೆ ಬರುವ ಯಶಸ್ಸು ಎಂಥದು! ಯಾವ ಕಡತ ಎಣಿಕೆಗೆ ಸೇರಬೇಕೆಂಬುದಕ್ಕೆ ಮೊದಲು ಹೆಸರಿನಲ್ಲಿ ಒಮ್ಮತ ಬೇಕು ಎಂಬುದು ಅಲ್ಲಿಂದ ಗಟ್ಟಿಯಾಯಿತು. ಕಾಡ್‌ಮನ್ ೧೯೪೦ರಲ್ಲಿ ತೀರಿಕೊಂಡರು. ಅವರ ಸಮಾಧಿಗೆ ಹೆಸರು ಕೆತ್ತಿದ ಕಲ್ಲು ಬಿದ್ದದ್ದು ೨೦೧೪ರಲ್ಲಿ.

ಮತ್ತೆ ಲಂಡನ್ನಿಗೆ ಬರೋಣ. ೧೯೨೬ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಕ್ಯಾನ್ಸರನ್ನು ಕುರಿತು ಎರಡು ವರದಿಗಳನ್ನು ಹೊರಡಿಸಿತು. ಒಂದು ಮೇಜರ್ ಗ್ರೀನ್‌ವುಡ್ ಅವರದು. ಮೇಜರ್ ಎಂಬುದು ಸೈನ್ಯದ ಪದವಿಯಲ್ಲ, ತಂದೆತಾಯಿ ಇಟ್ಟ ಹೆಸರು. ಚಿಕಿತ್ಸೆಯಿಲ್ಲದ ಕ್ಯಾನ್ಸರ್ ರೋಗಿ ಎಷ್ಟು ಕಾಲ ಬದುಕುತ್ತಾನೆಂಬುದು ಅದರ ವಿಷಯ. ಇಂಥ ಎಣಿಕೆಯಲ್ಲಿ ಎಷ್ಟು ಅನಿಶ್ಚಯವಿರುತ್ತದೆಂದು ಅಳೆಯಲು ಅವರು ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಇನ್ನೊಂದು ಜಾನೆಟ್ ಲೇನ್-ಕ್ಲೇಪನ್ ಎಂಬ ವೈದ್ಯೆಯದು. ಸ್ತನದ ಕ್ಯಾನ್ಸರಿದ್ದ ೫೦೦ ಹೆಂಗಸರನ್ನೂ ಅದಿಲ್ಲದ ೫೦೦ ಹೆಂಗಸರನ್ನೂ ಒಂದೇ ಪ್ರಶ್ನಾವಳಿಯಿಂದ ಕೇಳಿ ಹೋಲಿಸಿದ ಈ ಕೆಲಸ ಸಂಶೋಧನೆಯಲ್ಲಿ ಹೊಸ ದಾರಿಯನ್ನೇ ತೆರೆಯಿತು. ೧೯೨೮ರಲ್ಲಿ ಶಸ್ತ್ರಕ್ರಿಯೆಯಾದವರು ವರ್ಷಗಳು ಕಳೆದ ಮೇಲೆ ಏನಾದರೆಂದು ಮತ್ತೊಂದು ವರದಿ ಬರೆದರು. ರೋಗ ಯಾವ ಹಂತದಲ್ಲಿದ್ದಾಗ ಬಂದರು ಎಂಬುದನ್ನು ಬೇರ್ಪಡಿಸದೆ ಎಲ್ಲರನ್ನೂ ಒಟ್ಟಿಗೆ ಹಾಕಿ ತೆಗೆದ ಶೇಕಡವಾರು ಲೆಕ್ಕದಿಂದ ಪ್ರಯೋಜನವಿಲ್ಲವೆಂಬುದು ಅದರಿಂದ ತಿಳಿಯುತ್ತದೆ. ಮುಂದಿನ ವರ್ಷ ಆಕೆ ಮದುವೆಯಾದರು. ಮದುವೆಯಾದ ಹೆಂಗಸು ಸರ್ಕಾರಿ ಕೆಲಸದಲ್ಲಿರಕೂಡದೆಂಬುದು ಆಗ ಅಲ್ಲಿನ ನಿಯಮ. ಅಷ್ಟಕ್ಕೆ ಆ ಲೇಖನಿ ನಿಂತಿತು. ೧೯೬೭ರವರೆಗೆ ಬದುಕಿದ್ದರೂ ಇಂಥ ಇನ್ನೊಂದು ವರದಿ ಬರಲಿಲ್ಲ.

ಈಗ ಕಣ್ಮರೆಯಾದವರ ವಿಷಯ. ಇದರಲ್ಲಿಯೇ ಇರುವುದು ನಿಜವಾದ ತೊಡಕು. ಸತ್ತವರ ದಿನಾಂಕ ಗೊತ್ತು, ಬದುಕಿದವರು ಎದುರಿಗಿದ್ದಾರೆ. ಮಧ್ಯೆ ಕಾಣೆಯಾದವರನ್ನು ಏನೆಂದು ಎಣಿಸುವುದು? ಹತ್ತೇ ಕಡತಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿ ನೋಡೋಣ. ಹತ್ತು ರೋಗಿಗಳಲ್ಲಿ ಮೊದಲನೆಯ ವರ್ಷ ಇಬ್ಬರು ಸತ್ತರು. ವರ್ಷದ ಕೊನೆಯಲ್ಲಿ ಎಂಟು ಜನರನ್ನು ಕಂಡೆವು. ಆಮೇಲೆ ಇಬ್ಬರು ಬರಲೇ ಇಲ್ಲ. ಉಳಿದ ಆರು ಜನರಲ್ಲಿ ಎರಡನೆಯ ವರ್ಷ ಮೂವರು ಸತ್ತರು, ಮೂವರು ಉಳಿದರು. ಎರಡು ವರ್ಷ ಬದುಕಿದವರು ನೂರಕ್ಕೆ ಎಷ್ಟು? ಕಾಣೆಯಾದ ಇಬ್ಬರೂ ಬದುಕಿದ್ದಾರೆ ಎಂದರೆ ೫೦. ಇಬ್ಬರೂ ಸತ್ತರು ಎಂದರೆ ೩೦. ಅವರ ಕಡತಗಳನ್ನು ಬದಿಗಿಟ್ಟು ಎಂಟೇ ರೋಗಿಗಳೆಂದರೆ ೩೭ೂವರೆ. ಕಡತಗಳು ಅವೇ, ಉತ್ತರ ಮೂರು. ಪತ್ರಿಕೆಯಲ್ಲಿ ಅಚ್ಚಾದಾಗ ಓದುವವರಿಗೆ ಕಾಣುವುದು ಅವುಗಳಲ್ಲಿ ಒಂದು ಮಾತ್ರ.

೧೯೫೮ರಲ್ಲಿ ಎಡ್ವರ್ಡ್ ಕಪ್ಲನ್, ಪಾಲ್ ಮೇಯರ್ ಎಂಬ ಇಬ್ಬರು ಅಮೆರಿಕದ ಗಣಿತಜ್ಞರು ನಾಲ್ಕನೆಯ ಉತ್ತರವೊಂದನ್ನು ಕೊಟ್ಟರು. ಇವರ ಕಥೆಯೂ ಸ್ವಾರಸ್ಯವಾದದ್ದೇ. ಕಪ್ಲನ್ ಇದ್ದುದು ಬೆಲ್ ಟೆಲಿಫೋನ್ ಕಂಪನಿಯ ಪ್ರಯೋಗಾಲಯದಲ್ಲಿ. ಸಮುದ್ರದ ತಳದಲ್ಲಿ ಹಾಸುವ ಟೆಲಿಫೋನ್ ತಂತಿಗೆ ಜೋಡಿಸಿದ ನಿರ್ವಾತ ಕೊಳವೆಗಳು ಎಷ್ಟು ವರ್ಷ ಬಾಳುತ್ತವೆಂಬುದು ಅವರ ಚಿಂತೆ. ಮೇಯರ್ ಅವರದು ಕ್ಯಾನ್ಸರ್ ರೋಗಿಗಳ ಲೆಕ್ಕ. ಇಬ್ಬರೂ ಒಂದೇ ಪತ್ರಿಕೆಗೆ ಲೇಖನ ಕಳುಹಿಸಿದರು. ಸಂಪಾದಕರು, ಎರಡನ್ನೂ ಸೇರಿಸಿ ಒಂದು ಮಾಡಿ ತನ್ನಿ ಎಂದರು. ಸೇರಿಸುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಅವರ ಉಪಾಯ ಹೀಗೆ: ಕಾಣೆಯಾದವನನ್ನು ಕಂಡಿದ್ದಷ್ಟು ಕಾಲ ಎಣಿಕೆಯಲ್ಲಿಟ್ಟುಕೊಳ್ಳಿ, ಅಲ್ಲಿಂದಾಚೆಗೆ ಬಿಡಿ. ಮೊದಲ ವರ್ಷ ಹತ್ತರಲ್ಲಿ ಎಂಟು. ಎರಡನೆಯ ವರ್ಷ ಆರರಲ್ಲಿ ಮೂರು, ಅಂದರೆ ಅರ್ಧ. ಎಂಬತ್ತರ ಅರ್ಧ ೪೦. ಇಂದು ಕ್ಯಾನ್ಸರ್ ಸಂಶೋಧನೆಯ ಲೇಖನಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗೆರೆಯೊಂದನ್ನು ಕಾಣುತ್ತೇವಲ್ಲ, ಅದು ಇದೇ.

ಈ ಉಪಾಯ ನಿಲ್ಲುವುದು ಒಂದು ಒಪ್ಪಂದದ ಮೇಲೆ: ಕಾಣೆಯಾದವನು ಕಂಡವನಂತೆಯೇ ಇರುವವನು ಎಂಬುದು. ನಿರ್ವಾತ ಕೊಳವೆಯ ವಿಷಯದಲ್ಲಿ ಇದು ಸರಿಯಿದ್ದೀತು. ಮನುಷ್ಯನ ವಿಷಯದಲ್ಲಿ? ಗುಣವಾಯಿತೆಂದು ಬಾರದವರೂ ಉಂಟು, ಬಸ್ಸಿನ ಛಾರ್ಜಿಗೆ ಹಣವಿಲ್ಲದೆ ಬಾರದವರೂ ಉಂಟು, ಏಳಲಾರದೆ ಮಲಗಿದ್ದರಿಂದ ಬಾರದವರೂ ಉಂಟು. ಸೂತ್ರಕ್ಕೆ ಇವರೆಲ್ಲ ಒಂದೇ.

ಹಂತಗಳ ವಿಷಯದಲ್ಲಿಯೂ ಒಂದು ಮೋಜಿದೆ. ೧೯೮೫ರಲ್ಲಿ ಆಲ್ವನ್ ಫೈನ್‌ಸ್ಟೈನ್ ಮತ್ತು ಅವರ ಸಂಗಡಿಗರು, ೧೯೭೭ರ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನು ಅದಕ್ಕೆ ಹಿಂದಿನ ೧೯೫೩-೬೪ರವರೊಡನೆ ಹೋಲಿಸಿದರು. ಪ್ರತಿಯೊಂದು ಹಂತದಲ್ಲಿಯೂ ಹೊಸಬರೇ ಹೆಚ್ಚು ಕಾಲ ಬದುಕಿದ್ದರು. ಚಿಕಿತ್ಸೆ ಸುಧಾರಿಸಿತೆಂದು ಹಿಗ್ಗಬೇಕೆನ್ನುವಷ್ಟರಲ್ಲಿ, ರೋಗದ ಚಿಹ್ನೆಗಳ ಪ್ರಕಾರ ಮತ್ತೆ ವಿಂಗಡಿಸಿ ನೋಡಿದಾಗ ಆ ಸುಧಾರಣೆ ಮಾಯವಾಯಿತು. ಆದದ್ದಿಷ್ಟೆ: ಹೊಸ ಯಂತ್ರಗಳಿಂದ, ಹಿಂದೆ ಕಣ್ಣಿಗೆ ಬೀಳದ ಸಣ್ಣ ಹರಡಿಕೆಗಳೂ ಕಂಡು, ಮೊದಲ ಹಂತವೆನಿಸುತ್ತಿದ್ದವರು ಮುಂದಿನ ಹಂತಕ್ಕೆ ದಾಟಿದ್ದರು. ಶಾಲೆಯಲ್ಲಿ ‘ಎ’ ವಿಭಾಗದಲ್ಲಿ ಹಿಂದೆ ಬಿದ್ದ ನಾಲ್ಕು ಹುಡುಗರನ್ನು ‘ಬಿ’ ವಿಭಾಗಕ್ಕೆ ಹಾಕಿದರೆ, ‘ಎ’ ವಿಭಾಗದ ಸರಾಸರಿ ಅಂಕವೂ ಏರುತ್ತದೆ, ಅವರು ‘ಬಿ’ಯವರಿಗಿಂತ ಜಾಣರಾದ್ದರಿಂದ ‘ಬಿ’ಯದೂ ಏರುತ್ತದೆ. ಯಾವ ಹುಡುಗನೂ ಒಂದು ಅಂಕ ಹೆಚ್ಚು ತೆಗೆದಿರುವುದಿಲ್ಲ! ವಿಲ್ ರಾಜರ್ಸ್ ಎಂಬ ಅಮೆರಿಕದ ಹಾಸ್ಯಗಾರನ ಹೆಸರಿನಲ್ಲಿರುವ ಚಟಾಕಿಯೊಂದನ್ನು ನೆನೆದು, ಫೈನ್‌ಸ್ಟೈನ್ ಇದಕ್ಕೆ ಅವನ ಹೆಸರನ್ನೇ ಇಟ್ಟರು.

ಇದೆಲ್ಲ ಪಂಡಿತರ ಜಗಳವೆಂದು ತಳ್ಳಿಹಾಕುವಂತಿಲ್ಲ. ಯುರೋಪಿನ ದೇಶಗಳ ಕ್ಯಾನ್ಸರ್ ನೋಂದಣಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮೊದಲ ದೊಡ್ಡ ವರದಿ ೧೯೯೫ರಲ್ಲಿ ಬಂದಾಗ ಬ್ರಿಟನ್ನು ಹಿಂದೆ ಬಿದ್ದಿರುವುದು ಕಂಡಿತು. ಅಲ್ಲಿ ದೊಡ್ಡ ಕೋಲಾಹಲವಾಗಿ, ೨೦೦೦ದಲ್ಲಿ ಸರ್ಕಾರ ಕ್ಯಾನ್ಸರಿಗೆಂದೇ ಒಂದು ರಾಷ್ಟ್ರೀಯ ಯೋಜನೆಯನ್ನು ಹೊರಡಿಸಿತು. ೨೦೧೦ರಲ್ಲಿ ವೆಲೆರಿ ಬೆರಲ್, ರಿಚರ್ಡ್ ಪೀಟೊ ಎಂಬ ಇಬ್ಬರು ಖ್ಯಾತ ಸಂಶೋಧಕರು, ತಪ್ಪು ಚಿಕಿತ್ಸೆಯಲ್ಲಲ್ಲ, ಎಣಿಕೆಯಲ್ಲಿರಬಹುದು ಎಂದರು. ಬ್ರಿಟನ್ನಿನ ನೋಂದಣಿಗಳು ಕೆಲವು ರೋಗಿಗಳನ್ನು ಮರಣಪತ್ರದಿಂದಲೇ ಮೊದಲು ಅರಿಯುತ್ತವೆ. ಸತ್ತವರು ಮರಣಪತ್ರ ಬಿಟ್ಟುಹೋಗುತ್ತಾರೆ, ಬದುಕಿದವರು ಅಂಥ ಗುರುತನ್ನು ಬಿಡುವುದಿಲ್ಲ. ಹೀಗೆ ತಪ್ಪಿಹೋಗುವವರು ಬಹುಕಾಲ ಬಾಳಿದವರೇ ಎಂಬುದು ಅವರ ವಾದ. ರೋಗ ಮರುಕಳಿಸಿದ ದಿನವನ್ನೇ ಆರಂಭದ ದಿನವೆಂದು ಬರೆದಿದ್ದರೆ ಆಯುಷ್ಯ ಇನ್ನಷ್ಟು ಮೊಟಕಾಗಿ ಕಾಣುತ್ತದೆ. ಮರುವರ್ಷವೇ ಲಂಡನ್ನಿನ ಇತರ ಸಂಶೋಧಕರು ಲೆಕ್ಕ ಮಾಡಿ ತೋರಿಸಿ, ಅಷ್ಟೊಂದು ಅಂತರವನ್ನು ತುಂಬಬೇಕಾದರೆ ನಂಬಲಾಗದಷ್ಟು ತಪ್ಪುಗಳು ಆಗಿರಬೇಕು ಎಂದು ಉತ್ತರ ಕೊಟ್ಟರು. ನನಗೆ ಎರಡನೆಯವರ ಮಾತೇ ಹೆಚ್ಚು ಗಟ್ಟಿಯಾಗಿ ತೋರುತ್ತದೆ. ಆದರೂ ಮೊದಲನೆಯವರು ಕೇಳದಿದ್ದರೆ ಆ ಲೆಕ್ಕವನ್ನು ಯಾರೂ ಮಾಡುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಒಂದು ಊರಿನ ಕ್ಯಾನ್ಸರ್ ರೋಗಿಗಳನ್ನೆಲ್ಲ ಎಣಿಸುವ ನೋಂದಣಿ ಮೊದಲು ಆರಂಭವಾದದ್ದು ಮುಂಬಯಿಯಲ್ಲಿ, ೧೯೬೩ರಲ್ಲಿ, ಡಾ. ಜಸ್ಸಾವಾಲಾ ಅವರ ಪ್ರಯತ್ನದಿಂದ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯ ಆಶ್ರಯದಲ್ಲಿ ೧೯೮೨ರಲ್ಲಿ ಆರಂಭವಾಯಿತು. ಇಲ್ಲಿ ಆರಿಸುವ ಕಷ್ಟ ಬೇರೆ ಬಗೆಯದು. ಬೆಂಗಳೂರಿನ ಆಸ್ಪತ್ರೆಗೆ ಬಂದವರೆಲ್ಲ ಬೆಂಗಳೂರಿನವರಲ್ಲ. ಆಂಧ್ರದಿಂದಲೋ ಸೇಲಂ ಕಡೆಯಿಂದಲೋ ಬಂದವರು ನಂಟರ ಮನೆಯಲ್ಲಿ ಇಳಿದುಕೊಂಡು ಆ ಮನೆಯ ವಿಳಾಸವನ್ನೇ ಬರೆಸುತ್ತಾರೆ. ಆದ್ದರಿಂದ ಊರಿನಲ್ಲಿ ಕನಿಷ್ಠ ಒಂದು ವರ್ಷ ವಾಸವಾಗಿದ್ದವರು ಮಾತ್ರ ಈ ಊರಿನವರು ಎಂಬ ನಿಯಮ. ನಾನಿದ್ದ ಆಸ್ಪತ್ರೆಯಲ್ಲಿ, “ಆಂಜನೇಯನ ಗುಡಿ ಹಿಂದೆ, ಸೌದೆ ಡಿಪೋ ಪಕ್ಕ” ಎಂಬಷ್ಟೇ ವಿಳಾಸವಿದ್ದ ಕಡತಗಳನ್ನು ಎಷ್ಟೋ ನೋಡಿದ್ದೇನೆ. ಒಂದೇ ಹೆಂಗಸು ಒಂದು ಕಾಗದದಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮೀದೇವಮ್ಮ. ವಯಸ್ಸು ಒಂದರಲ್ಲಿ ೪೫, ಇನ್ನೊಂದರಲ್ಲಿ ೫೨. ಇವರು ಇಬ್ಬರೋ ಒಬ್ಬರೋ ಎಂಬ ತೀರ್ಮಾನವನ್ನು ಗುಮಾಸ್ತನೇ ಮಾಡಬೇಕು. ಇಬ್ಬರೆಂದುಕೊಂಡರೆ, ಸತ್ತವಳೊಬ್ಬಳು ಲೆಕ್ಕದಲ್ಲಿ ಬದುಕಿಯೇ ಇರುತ್ತಾಳೆ.

ಪಾಶ್ಚಾತ್ಯ ದೇಶಗಳಲ್ಲಿ ಮರಣದ ದಾಖಲೆಗಳು ಪೂರ್ತಿಯಾಗಿರುವುದರಿಂದ, ಅಲ್ಲಿ ಹೆಸರು ಸಿಗದಿದ್ದರೆ ಬದುಕಿದ್ದಾರೆ ಎಂದುಕೊಳ್ಳಬಹುದು. ಇಲ್ಲಿ ಹಾಗಿರಲಿಲ್ಲ. ಹಳ್ಳಿಗೆ ಹೋಗಿ ಸತ್ತವರ ಹೆಸರು ನಗರಸಭೆಯ ಪುಸ್ತಕದಲ್ಲಿ ಬರುವುದಿಲ್ಲ. ಬಂದರೂ ಕಾರಣದ ಕಡೆ ‘ಹೃದಯ ನಿಂತಿತು’ ಎಂದಿರುತ್ತದೆ. ಬೆಂಗಳೂರಿನ ನೋಂದಣಿಯವರು ಮನೆಮನೆಗೆ ಹೋಗಿ ವಿಚಾರಿಸುವ ದಾರಿ ಹಿಡಿದರು. ಡಾ. ನಂದಕುಮಾರ್ ಮತ್ತು ಅವರ ಸಂಗಡಿಗರು ೧೯೯೫ರಲ್ಲಿ ಪ್ರಕಟಿಸಿದ ಲೆಕ್ಕದಂತೆ ೧೯೮೦ರ ದಶಕದಲ್ಲಿ ಬೆಂಗಳೂರಿನಲ್ಲಿ ಸ್ತನದ ಕ್ಯಾನ್ಸರ್ ತಗಲಿದ ಹೆಂಗಸರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ ಸುಮಾರು ೪೨. ಇದು ಸಣ್ಣ ಸಂಖ್ಯೆ, ಸಂತೋಷ ಕೊಡುವಂಥದಲ್ಲ. ಆದರೆ ಅದರ ಹಿಂದೆ ಬಾಗಿ��ು ತಟ್ಟಿದ ಕೈಗಳಿವೆ ಎಂಬ ಕಾರಣದಿಂದ, ಒಂದೇ ಆಸ್ಪತ್ರೆಯ ಮರಳಿ ಬಂದ ರೋಗಿಗಳನ್ನಷ್ಟೇ ಎಣಿಸಿದ ದೊಡ್ಡ ಸಂಖ್ಯೆಗಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ.

ಬಾಗಿಲು ತಟ್ಟದಿದ್ದರೆ ಏನಾಗುತ್ತಿತ್ತು? ಇದನ್ನು ಚೆನ್ನೈನ ಅಡೆಯಾರಿನ ಕ್ಯಾನ್ಸರ್ ಸಂಸ್ಥೆಯವರು ಪರೀಕ್ಷಿಸಿಯೇ ನೋಡಿದರು. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ೧೯೫೪ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು, ಡಾ. ವಿ. ಶಾಂತಾ ಅವರು ೨೦೨೧ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕಾಗಿ ದುಡಿದರು. ೨೦೦೮ರಲ್ಲಿ ಸ್ವಾಮಿನಾಥನ್, ರಮಾ ಮತ್ತು ಶಾಂತಾ ಬರೆದ ಲೇಖನದಲ್ಲಿ ಒಂದೇ ರೋಗಿಗಳ ಆಯುಷ್ಯವನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕಿದ್ದಾರೆ. ಮೊದಲು, ಮರಣದ ದಾಖಲೆಯಲ್ಲಿ ಹೆಸರು ಸಿಗದವರೆಲ್ಲ ಬದುಕಿದ್ದಾರೆಂದು. ಆಮೇಲೆ, ಅವರನ್ನು ಆಸ್ಪತ್ರೆಯ ಕಡತಗಳಲ್ಲಿಯೂ ಪತ್ರ ಬರೆದೂ ಮನೆಗೆ ಹೋಗಿಯೂ ಹುಡುಕಿ. ಹುಡುಕಿದ ಮೇಲೆ ಬದುಕಿದವರ ಪ್ರಮಾಣ ಬಹಳ ಕೆಳಗಿಳಿಯಿತು. ಮೊದಲನೆಯ ಲೆಕ್ಕದಲ್ಲಿ ಬದುಕಿದ್ದ ಅನೇಕರು ಯಾವಾಗಲೋ ತೀರಿಹೋಗಿದ್ದರು. ಸುದ್ದಿ ಕಡತದವರೆಗೆ ಬಂದಿರಲಿಲ್ಲ, ಅಷ್ಟೆ.

ಈಚೆಗೆ ಎಲ್ಲ ಕಡತಗಳಲ್ಲಿಯೂ ಮೊಬೈಲ್ ನಂಬರಿಗೆ ಒಂದು ಅಂಕಣವಿದೆ. ರೋಗಿಯದಲ್ಲದೆ ಮಗನದೋ ಅಳಿಯನದೋ ಇನ್ನೊಂದನ್ನೂ ಕೇಳಿ ಬರೆದುಕೊಳ್ಳುತ್ತಾರೆ. ಮೊದಲನೆಯದು ಹೆಚ್ಚಾಗಿ ಬದಲಾಗಿರುತ್ತದೆ. ಎರಡನೆಯದರಲ್ಲಿ ಯಾರಾದರೂ ಮಾತನಾಡಿದರೆ, ಫೋನು ಮಾಡಿದವರು ಮೊದಲು ದಿನಾಂಕವನ್ನು ಕೇಳುತ್ತಾರೆ. ತೀರಿಕೊಂಡದ್ದು ಯಾವತ್ತು ಎಂಬುದಕ್ಕೆ ಮನೆಯವರಿಂದ ಬರುವ ಉತ್ತರ ಸಾಮಾನ್ಯವಾಗಿ ತಿಥಿಯಲ್ಲಿರುತ್ತದೆ. ಅದನ್ನು ತಾರೀಖಿಗೆ ತಿರುಗಿಸಲು ದಾಖಲೆಗಳ ಕೋಣೆಯಲ್ಲಿ ಹಳೆಯ ಪಂಚಾಂಗಗಳನ್ನೂ ಇಟ್ಟಿರಬೇಕಾಗುತ್ತದೆ.